ವ್ಯಾನ್ ಗೋ ಬರೆದ ‘ಮಲಗುವ ಕೋಣೆ’: ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಯಾವ ಚಿತ್ರ?

ಎಡಕ್ಕೊಂದು ಬಾಗಿಲು, ಬಲಕ್ಕೊಂದು ಬಾಗಿಲು, ನಡುವೆ ಹಸಿರು ಕಿಟಕಿ. ಬಲಗೋಡೆಗೆ ಒತ್ತಿಕೊಂಡ ದೊಡ್ಡ ಹಳದಿ ಮಂಚ, ಅದರ ಮೇಲೆ ಕೆಂಪು ಹೊದಿಕೆ. ಹುಲ್ಲಿನ ಆಸನದ ಎರಡು ಕುರ್ಚಿ, ಹೂಜಿ–ಬೋಗುಣಿ ಇಟ್ಟ ಪುಟ್ಟ ಮೇಜು, ಗೋಡೆಯಲ್ಲಿ ಕನ್ನಡಿ ಮತ್ತು ಕೆಲವು ಚಿತ್ರಗಳು. ಮನುಷ್ಯರಿಲ್ಲ. ವಿನ್ಸೆಂಟ್ ವ್ಯಾನ್ ಗೋ ದಕ್ಷಿಣ ಫ್ರಾನ್ಸಿನ ಆರ್ಲ್ ಊರಿನಲ್ಲಿ 1888ರ ಅಕ್ಟೋಬರ್ ಮಧ್ಯದಲ್ಲಿ ತಾನು ಮಲಗುತ್ತಿದ್ದ ಕೋಣೆಯನ್ನೇ ಬರೆದ ಚಿತ್ರವಿದು. ಬಣ್ಣದ ಮಾಧ್ಯಮ ತೈಲವರ್ಣ, ಕ್ಯಾನ್ವಾಸ್ ಮೇಲೆ.

ಅವನ ಚಿತ್ರಗಳಿಗೆ ಅಂಟಿಸುವ ಪೋಸ್ಟ್ ಇಂಪ್ರೆಷನಿಸಂ (ಇಂಪ್ರೆಷನಿಸ್ಟ್ ಚಿತ್ರಕಾರರ ನಂತರದ ಕಲೆ) ಎಂಬ ಹಣೆಪಟ್ಟಿ ಅವನು ಕಂಡದ್ದಲ್ಲ. ಅವನು ತೀರಿಕೊಂಡು ಇಪ್ಪತ್ತು ವರ್ಷವಾದ ಮೇಲೆ, 1910ರಲ್ಲಿ, ಲಂಡನ್ನಿನ ಒಂದು ಪ್ರದರ್ಶನಕ್ಕಾಗಿ ವಿಮರ್ಶಕ ರೋಜರ್ ಫ್ರೈ ಇಟ್ಟ ಹೆಸರು ಅದು.

ಒಂದೇ ಚಿತ್ರವೋ, ಮೂರೋ? ಇಂಟರ್‌ನೆಟ್ಟಿನಲ್ಲಿ ಒಂದೊಂದು ಕಡೆ ಒಂದೊಂದು ಥರ ಕಾಣುತ್ತದಲ್ಲ?

ಮೂರು. ಮೂರೂ ಅವನ ಕೈಯವೇ, ಯಾವುದೂ ನಕಲಿಯಲ್ಲ.

ಮೊದಲನೆಯದು ಆಮ್‌ಸ್ಟರ್‌ಡ್ಯಾಮಿನ ವ್ಯಾನ್ ಗೋ ಮ್ಯೂಸಿಯಂನಲ್ಲಿದೆ. ಅಕ್ಟೋಬರ್ 1888ರದ್ದು, ಅಳತೆ 72.4 × 91.3 ಸೆಂ.ಮೀ. ಎರಡನೆಯದು ಷಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್‌ನದು. ಸೆಪ್ಟೆಂಬರ್ 1889ರಲ್ಲಿ ಸೇಂ ರೆಮಿಯ ಮಾನಸಿಕ ಚಿಕಿತ್ಸಾಲಯದಲ್ಲಿದ್ದಾಗ ಹೆಚ್ಚುಕಡಿಮೆ ಅದೇ ಅಳತೆಯಲ್ಲಿ (73.6 × 92.3 ಸೆಂ.ಮೀ.) ಬರೆದದ್ದು. ಮೂರನೆಯದು ಪ್ಯಾರಿಸ್ಸಿನ ಓರ್ಸೇ ಮ್ಯೂಸಿಯಂನದು, ಚಿಕ್ಕದು, 57.5 × 74 ಸೆಂ.ಮೀ. ಅದನ್ನೂ 1889ರ ಸೆಪ್ಟೆಂಬರಿನಲ್ಲೇ ತಾಯಿ ಮತ್ತು ತಂಗಿ ವಿಲ್‌ಗೆಂದು ಬರೆದ.

ಕಲಾ ಪುಸ್ತಕಗಳಲ್ಲಿ ಚಿತ್ರದ ಕೆಳಗೆ ‘ಎಫ್’ ಅಕ್ಷರದ ಕ್ರಮಸಂಖ್ಯೆ ಇರುತ್ತದೆ, ಅದು ವ್ಯಾನ್ ಗೋ ಕೃತಿಗಳ ಪಟ್ಟಿಯೊಂದರ ಸಂಖ್ಯೆ. ಆಮ್‌ಸ್ಟರ್‌ಡ್ಯಾಮ್ ಎಫ್ 482, ಷಿಕಾಗೋ ಎಫ್ 484, ಪ್ಯಾರಿಸ್ ಎಫ್ 483. ಸಂಖ್ಯೆಯ ಕ್ರಮವೂ ಬರೆದ ಕ್ರಮವೂ ಒಂದೇ ಅಲ್ಲ, ಎಡವುವುದು ಅಲ್ಲೇ.

ಮೂರನ್ನೂ ಬೇರೆಬೇರೆಯಾಗಿ ಗುರುತಿಸುವುದು ಹೇಗೆ?

ಬಣ್ಣ ನೋಡಿ ಗುರುತಿಸಲು ಹೋಗಬೇಡಿ. ಮೊಬೈಲ್ ಪರದೆ, ಮುದ್ರಣ, ಫೋಟೋ ತೆಗೆದ ಬೆಳಕು ಎಲ್ಲವೂ ಬಣ್ಣವನ್ನು ಬದಲಿಸುತ್ತವೆ. ಮಂಚದ ಮೇಲ್ಭಾಗದ ಗೋಡೆಯಲ್ಲಿ ನೇತುಹಾಕಿದ ಎರಡು ಭಾವಚಿತ್ರಗಳನ್ನು ನೋಡಿ.

ಮೊದಲ ಚಿತ್ರದಲ್ಲಿ ಅಲ್ಲಿರುವುದು ಇಬ್ಬರು ಗೆಳೆಯರು: ಬೆಲ್ಜಿಯಂನ ಚಿತ್ರಕಾರ ಯುಜೀನ್ ಬಾಕ್ ಮತ್ತು ಸೈನ್ಯದ ಅಧಿಕಾರಿ ಮಿಲಿಯೆ. ಈ ಎರಡು ಭಾವಚಿತ್ರಗಳೂ ನಿಜವಾಗಿ ಇವೆ. ಬಾಕ್‌ನದು ಈಗ ಓರ್ಸೇಯಲ್ಲಿ, ಮಿಲಿಯೆಯದು ನೆದರ್ಲೆಂಡ್ಸ್‌ನ ಓಟರ್ಲೋದ ಕ್ರೊಲರ್–ಮ್ಯೂಲರ್ ಮ್ಯೂಸಿಯಂನಲ್ಲಿ. ಆಮೇಲಿನ ಎರಡು ಚಿತ್ರಗಳಲ್ಲಿ ಗೆಳೆಯರು ಹೋಗಿ, ಒಂದು ಚೌಕಟ್ಟಿನಲ್ಲಿ ವ್ಯಾನ್ ಗೋನ ಸ್ವಂತ ಮುಖ, ಇನ್ನೊಂದರಲ್ಲಿ ಒಬ್ಬಳು ಹೆಂಗಸಿನ ಮುಖ ಬಂದಿದೆ. ಓರ್ಸೇ ಚಿತ್ರದಲ್ಲಿ ಅವನಿಗೆ ಗಡ್ಡವಿಲ್ಲ. ಒಂದು ವರ್ಷದಲ್ಲಿ ಅವನ ಬದುಕಿನಲ್ಲಿ ಏನೇನಾಯಿತೆಂದು (ಕಿವಿ ಕೊಯ್ದುಕೊಂಡದ್ದು, ಆಸ್ಪತ್ರೆ ಸೇರಿದ್ದು) ಬಲ್ಲವರಿಗೆ ಈ ಬದಲಾವಣೆ ಬರೀ ಅಲಂಕಾರವೆನಿಸುವುದಿಲ್ಲ.

ಗೋಡೆ ನಿಜವಾಗಿ ನೀಲಿಯೇ?

ಅಲ್ಲ. ಈ ಚಿತ್ರದ ಬಗ್ಗೆ ಒಂದೇ ಒಂದು ಸಂಗತಿ ತಿಳಿದುಕೊಳ್ಳಬೇಕೆಂದಿದ್ದರೆ ಅದು ಇದೇ.

1888ರ ಅಕ್ಟೋಬರ್ 16ರಂದು ತಮ್ಮ ತಿಯೋಗೆ ಬರೆದ ಕಾಗದದಲ್ಲಿ ವ್ಯಾನ್ ಗೋ ಚಿತ್ರದ ರೇಖಾಚಿತ್ರವನ್ನೂ ಕೊಟ್ಟು, ಬಣ್ಣಗಳನ್ನು ಅಂಗಡಿಯ ಚೀಟಿ ಬರೆದ ಹಾಗೆ ಒಂದೊಂದಾಗಿ ಪಟ್ಟಿ ಮಾಡಿದ್ದಾನೆ. ಗೋಡೆ ತಿಳಿ ನೇರಳೆ. ನೆಲ ಕೆಂಪು ಬಿಲ್ಲೆಯದು. ಮಂಚ, ಕುರ್ಚಿ ತಾಜಾ ಬೆಣ್ಣೆಯ ಹಳದಿ. ಹಾಸು ಮತ್ತು ದಿಂಬು ನಿಂಬೆ ಹಸಿರಿನ ತೀರ ತಿಳಿ ಛಾಯೆ. ಹೊದಿಕೆ ಕಡುಗೆಂಪು. ಕಿಟಕಿ ಹಸಿರು, ಮೇಜು ಕಿತ್ತಳೆ, ಬೋಗುಣಿ ನೀಲಿ, ಬಾಗಿಲುಗಳು ತಿಳಿ ನೇರಳೆ. ಮರುದಿನ ಗೆಳೆಯ, ಚಿತ್ರಕಾರ ಪಾಲ್ ಗೊಗ್ಯಾಂಗೆ ಬರೆದ ಕಾಗದದಲ್ಲೂ ಗೋಡೆಗೆ ಅದೇ ಬಣ್ಣ.

ಇಂದು ನಮಗೆ ಕಾಣುವುದು ನೀಲಿ ಗೋಡೆ, ನೀಲಿ ಬಾಗಿಲು, ಕಂದು ನೆಲ. ಕಾಗದದಲ್ಲಿ ಸುಳ್ಳು ಬರೆದನೇ? ಇಲ್ಲ. ಬಣ್ಣ ಕೈಕೊಟ್ಟಿದೆ.

ನೇರಳೆ ಬರಬೇಕಾದರೆ ನೀಲಿ, ಕೆಂಪು, ಬಿಳಿ ಸೇರಬೇಕು. ಅವನು ಬೆರೆಸಿದ ಕೆಂಪು ‘ಲೇಕ್’ ಜಾತಿಯದು. ಅಂದರೆ ಮಣ್ಣು ಅಥವಾ ಲೋಹದ ಪುಡಿಯಲ್ಲ. ಬಟ್ಟೆಗೆ ಹಾಕುವಂಥ ಬಣ್ಣದ ದ್ರಾವಣವನ್ನು ಬಿಳಿಯ ಖನಿಜಕ್ಕೆ ಅಂಟಿಸಿ ಪುಡಿ ಮಾಡಿದ್ದು. ಅವನು ಪ್ಯಾರಿಸ್ಸಿನಿಂದ ಮತ್ತೆ ಮತ್ತೆ ತರಿಸಿಕೊಳ್ಳುತ್ತಿದ್ದ ಜೆರೇನಿಯಂ ಲೇಕ್ ಎಂಬ ಕೆಂಪಿನ ಜೀವಾಳ ಇಯೋಸಿನ್. 1870ರ ದಶಕದಲ್ಲಷ್ಟೇ ಕಾರ್ಖಾನೆಯಿಂದ ಹೊರಬಂದ ಕೃತಕ ಬಣ್ಣ ಅದು. ಟ್ಯೂಬಿನಿಂದ ಹೊರಬಂದಾಗ ಕಣ್ಣು ಕೋರೈಸುತ್ತದೆ, ಬೆಳಕಿಗೆ ಮಾತ್ರ ನಿಲ್ಲುವುದಿಲ್ಲ. ಬೆಳಕು ಬಿದ್ದಂತೆ ಇಯೋಸಿನ್ ಅಣು ಒಡೆಯುತ್ತದೆ, ಕೆಂಪು ಹೋಗುತ್ತದೆ. ಕೋಬಾಲ್ಟ್‌ನಂಥ ಖನಿಜದ ನೀಲಿ ಅಲುಗುವುದಿಲ್ಲ. ಉಳಿಯುವುದು ನೀಲಿ. ಬಿಳಿಯ ಜೊತೆ ತೆಳುವಾಗಿ ಬೆರೆತ ಕೆಂಪು ಇನ್ನೂ ಬೇಗ ಹೋಗುತ್ತದೆ, ಏಕೆಂದರೆ ಅಲ್ಲಿ ಇರುವ ಕೆಂಪೇ ಕಡಿಮೆ, ಬಿಳಿ ಬೆಳಕನ್ನು ಒಳಗೆಲ್ಲ ಚದುರಿಸುತ್ತದೆ. ಹೊದಿಕೆಯ ಕೆಂಪು ಉಳಿದು ಗೋಡೆಯ ಕೆಂಪು ಅಳಿದದ್ದು ಹೀಗೆ.

ಬಣ್ಣ ಹೋಗಿದೆ ಎಂದು ಮ್ಯೂಸಿಯಂನವರಿಗೆ ಹೇಗೆ ಗೊತ್ತಾಯಿತು?

ಕಾಗದಗಳು ಒಂದು ಸಾಕ್ಷಿ. ಇನ್ನೊಂದು ಬಣ್ಣವೇ. ಗುಂಡುಸೂಜಿಯ ತಲೆಗಿಂತ ಚಿಕ್ಕ ಚೂರನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಅಡ್ಡಸೀಳಿ ನೋಡಿದರೆ ಮೇಲ್ಪದರ ಮಾತ್ರ ಬಿಳುಚಿರುವುದು, ಬೆಳಕು ತಲುಪದ ಒಳಪದರದಲ್ಲಿ ಕೆಂಪು ಉಳಿದಿರುವುದು ಕಾಣುತ್ತದೆ. ಚೌಕಟ್ಟಿನ ಅಂಚಿನಡಿ ಮುಚ್ಚಿಕೊಂಡಿದ್ದ ಬಣ್ಣವೂ ಇಂಥ ಕೆಲಸದಲ್ಲಿ ನೆರವಿಗೆ ಬರುತ್ತದೆ. ಯಾವ ಬಣ್ಣದ ಪುಡಿ ಎಂದು ರಾಸಾಯನಿಕ ಪರೀಕ್ಷೆಯಿಂದ ತಿಳಿದ ಮೇಲೆ, ಅದೇ ಪುಡಿಯಿಂದ ಹೊಸದಾಗಿ ಬಣ್ಣ ಅರೆದು, ಅದರ ಆಧಾರದ ಮೇಲೆ ಕಂಪ್ಯೂಟರಿನಲ್ಲಿ ಚಿತ್ರದ ಹಳೆಯ ರೂಪವನ್ನು ಕಟ್ಟುತ್ತಾರೆ. ಆಮ್‌ಸ್ಟರ್‌ಡ್ಯಾಮ್ ಮತ್ತು ಷಿಕಾಗೋ ಎರಡೂ ಕಡೆ ಈ ಕೆಲಸ ನಡೆದಿದೆ. ಮೂಲ ಕ್ಯಾನ್ವಾಸಿಗೆ ಮಾತ್ರ ಯಾರೂ ಹೊಸ ನೇರಳೆ ಬಳಿಯುವುದಿಲ್ಲ, ಬಳಿಯಲೂಬಾರದು.

ಹೋದರೆ ಹೋಯಿತು, ನೀಲಿಯೂ ಚೆನ್ನಾಗೇ ಇದೆಯಲ್ಲ?

ಚೆನ್ನಾಗಿದೆ. ಆದರೆ ಅವನು ಹೇಳಹೊರಟ ಮಾತು ಅರ್ಧಕ್ಕೆ ನಿಂತಂತಾಗಿದೆ.

ಈ ಚಿತ್ರದ ಶಾಂತಿಯನ್ನು ಅವನು ಕಟ್ಟಿದ್ದು ವಸ್ತುಗಳಿಂದಲ್ಲ, ಬಣ್ಣದ ಜೋಡಿಗಳಿಂದ. ವರ್ಣಚಕ್ರದಲ್ಲಿ ಎದುರುಬದುರು ಕೂರುವ ಬಣ್ಣಗಳು ಅಕ್ಕಪಕ್ಕ ಬಂದಾಗ ಒಂದನ್ನೊಂದು ಹೊಳೆಯಿಸುತ್ತವೆ, ಒಂದನ್ನೊಂದು ತಡೆದೂ ನಿಲ್ಲಿಸುತ್ತವೆ. ಕೆಂಪಿಗೆ ಹಸಿರು: ಹೊದಿಕೆ, ಕಿಟಕಿ. ಕಿತ್ತಳೆಗೆ ನೀಲಿ: ಮೇಜು, ಅದರ ಮೇಲಿನ ಬೋಗುಣಿ. ಹಳದಿಗೆ ನೇರಳೆ: ಮಂಚ, ಅದರ ಹಿಂದಿನ ಗೋಡೆ. ಗೊಗ್ಯಾಂಗೆ ಬರೆದ ಕಾಗದದಲ್ಲಿ ನಾಲ್ಕನೆಯ ಜೋಡಿಯನ್ನೂ ಹೇಳುತ್ತಾನೆ: ಕನ್ನಡಿಯ ಬಿಳಿ, ಅದರ ಕಪ್ಪು ಚೌಕಟ್ಟು. ಇಷ್ಟೊಂದು ಬೇರೆಬೇರೆ ಬಣ್ಣಗಳಿಂದ ಪೂರ್ಣ ವಿಶ್ರಾಂತಿಯನ್ನು ಹೇಳಬೇಕೆಂಬುದೇ ಅವನ ಪಣ.

ನಾಲ್ಕರಲ್ಲಿ ಅತಿ ಹೆಚ್ಚು ಜಾಗ ಹಿಡಿದ ಜೋಡಿ ಹಳದಿ–ನೇರಳೆಯದು. ಗೋಡೆ ನೀಲಿಯಾದೊಡನೆ ಆ ಜೋಡಿ ಮುರಿಯಿತು. ಮಂಚದ ಹಳದಿ ಗೋಡೆಯಿಂದ ಎದ್ದು ಬಂದು ನಮ್ಮ ಮೇಲೆ ನುಗ್ಗುತ್ತದೆ, ಕೋಣೆ ತಣ್ಣಗೆ, ಸ್ವಲ್ಪ ಕಟುವಾಗಿ ಕಾಣುತ್ತದೆ. ‘ಇದರಲ್ಲಿ ಶಾಂತಿ ಎಲ್ಲಿದೆ, ತಳಮಳವಲ್ಲವೇ’ ಎಂದು ಕೇಳುವ ನೋಡುಗರ ಕಣ್ಣು ತಪ್ಪಿಲ್ಲ. ಅವರು ನೋಡುತ್ತಿರುವುದು ಒಂದು ಕಾಲು ಕಳೆದುಕೊಂಡ ಲೆಕ್ಕಾಚಾರ. ಚಿತ್ರದ ಮುಂದೆ ನಿಂತಾಗ ಗೋಡೆಗೂ ಬಾಗಿಲಿಗೂ ಮನಸ್ಸಿನಲ್ಲೇ ಒಂದಿಷ್ಟು ಕೆಂಪು ಸೇರಿಸಿ ನೋಡಿ. ನೆಲಕ್ಕೂ ಸೇರಿಸಿ.

ಬಣ್ಣ ಮಾಸುತ್ತದೆಂದು ಅವನಿಗೆ ಗೊತ್ತಿರಲಿಲ್ಲವೇ?

ಗೊತ್ತಿತ್ತು. ಇಂಪ್ರೆಷನಿಸ್ಟರು (ಅವನಿಗಿಂತ ಸ್ವಲ್ಪ ಹಿಂದಿನ ಫ್ರೆಂಚ್ ಚಿತ್ರಕಾರರು) ರೂಢಿಗೆ ತಂದ ಬಣ್ಣಗಳೆಲ್ಲ ನಿಲ್ಲದವು, ಆದ್ದರಿಂದ ಧೈರ್ಯವಾಗಿ ಹಸಿಹಸಿಯಾಗಿಯೇ ಬಳಸಬೇಕು, ಕಾಲ ತಾನೇ ಅವನ್ನು ಮೆತ್ತಗೆ ಮಾಡುತ್ತದೆ ಎಂಬರ್ಥದಲ್ಲಿ 1888ರ ವಸಂತದಲ್ಲೇ ತಮ್ಮನಿಗೆ ಬರೆದಿದ್ದ. ಮೆತ್ತಗಾಗುವುದನ್ನು ಲೆಕ್ಕ ಹಾಕಿದ್ದ. ಒಂದು ಬಣ್ಣ ಪೂರ್ತಿ ಹೋಗಿ ಇನ್ನೊಂದು ಹಾಗೇ ಉಳಿಯುತ್ತದೆಂಬುದು ಆ ಲೆಕ್ಕದಲ್ಲಿ ಇದ್ದಂತಿಲ್ಲ.

ನೆಲ ಇಳಿಜಾರಾಗಿದೆ, ಮಂಚ ಜಾರುವಂತಿದೆ. ಅವನ ಮನಸ್ಸು ಆಗ ಸರಿಯಿರಲಿಲ್ಲವೇ?

ತಾರೀಕು ನೋಡಿ. ಚಿತ್ರ ಬರೆದದ್ದು ಅಕ್ಟೋಬರ್ ಮಧ್ಯದಲ್ಲಿ, ಕಿವಿ ಕೊಯ್ದುಕೊಂಡ ಘಟನೆ ಡಿಸೆಂಬರ್ 23ರ ರಾತ್ರಿ. ನಡುವೆ ಎರಡು ತಿಂಗಳಿಗೂ ಮಿಕ್ಕ ಅಂತರ. ಚಿತ್ರ ಬರೆಯುವಾಗ ಅವನಿಗಿದ್ದದ್ದು ವಿಪರೀತ ಕೆಲಸದ ದಣಿವು, ಕಣ್ಣುಗಳ ಆಯಾಸ, ಬಲವಂತದ ವಿಶ್ರಾಂತಿ. ವಿಶ್ರಾಂತಿಯೇ ಚಿತ್ರದ ವಸ್ತುವಾದದ್ದಕ್ಕೂ ಇದಕ್ಕೂ ನಂಟಿದೆ.

ಓರೆಗೆ ಎರಡು ಸರಳ ಕಾರಣಗಳಿವೆ. ಮೊದಲನೆಯದು ಕಟ್ಟಡ. ಕೋಣೆ ಚಚ್ಚೌಕವಾಗಿರಲಿಲ್ಲ. ಕಿಟಕಿಯಿರುವ ಮುಂಗೋಡೆ ಓರೆಯಾಗಿದ್ದು, ಅದರ ಎಡಮೂಲೆ ಲಂಬಕೋನಕ್ಕಿಂತ ಅಗಲ, ಮಂಚದ ತಲೆಯ ಕಡೆಯ ಬಲಮೂಲೆ ಇಕ್ಕಟ್ಟು. ಇದನ್ನು ತಿಳಿದು ಮತ್ತೆ ನೋಡಿದರೆ ಅರ್ಧ ‘ತಪ್ಪು’ ತಾನಾಗಿ ಸರಿಹೋಗುತ್ತದೆ. ಎರಡನೆಯದು ಆಯ್ಕೆ. ಜಪಾನಿ ಮರದಚ್ಚಿನ ಚಿತ್ರಗಳ ಹಾಗೆ ನೆರಳಿಲ್ಲದೆ, ಚಪ್ಪಟೆ ಬಣ್ಣದ ಹರವುಗಳಲ್ಲಿ ಬರೆದಿರುವುದಾಗಿ ಅವನೇ ಹೇಳಿದ್ದಾನೆ. ನೆರಳು ತೆಗೆದರೆ ಕುರ್ಚಿಯ ಕಾಲು ನೆಲ ಕಚ್ಚಿ ನಿಂತಂತೆ ಕಾಣುವುದಿಲ್ಲ, ತೇಲುತ್ತದೆ. ಬಲಗಾಲಿನ ಕೆಳಗೆ ಒಂದು ಗೀಟು ನೆರಳು ಎಳೆದರೆ ಸಾಕಿತ್ತು. ಬೇಕೆಂದೇ ಎಳೆಯಲಿಲ್ಲ.

ಎರಡು ದಿಂಬು, ಎರಡು ಕುರ್ಚಿ: ಯಾರಿಗಾಗಿಯೋ ಕಾಯುತ್ತಿದ್ದನೇ?

ಗೊಗ್ಯಾಂಗಾಗಿ ಕಾಯುತ್ತಿದ್ದದ್ದು ನಿಜ, ಅವನು ಅಕ್ಟೋಬರ್ 23ಕ್ಕೆ ಬಂದ. ಆದರೆ ದಿಂಬುಗಳಿಂದ ಅದನ್ನು ಓದುವುದು ಅತಿಯಾಯಿತು. ಸೆಪ್ಟೆಂಬರಿನಲ್ಲಿ ತಿಯೋ ಕಳಿಸಿದ ಹಣದಲ್ಲಿ ವ್ಯಾನ್ ಗೋ ಎರಡು ಮಂಚ, ಹನ್ನೆರಡು ಕುರ್ಚಿ, ಒಂದು ಕನ್ನಡಿ ಕೊಂಡ. ಅಗ್ಗದ ಕಬ್ಬಿಣದ ಮಂಚ ಬೇಡವೆಂದು ಆ ಸೀಮೆಯ ಹಳ್ಳಿಗಳ ಅಗಲವಾದ ಜೋಡಿ ಮಂಚವನ್ನೇ ಆರಿಸಿದ, ಅದು ಗಟ್ಟಿಮುಟ್ಟಾಗಿ, ನೆಮ್ಮದಿಯಾಗಿ ಕಾಣುತ್ತದೆಂದು. ಅಕ್ರೋಟ್ ಮರದ್ದು ಅತಿಥಿಗೆ, ಸಾದಾ ಮರದ್ದು ತನಗೆ. ಜೋಡಿ ಮಂಚಕ್ಕೆ ಎರಡು ದಿಂಬು ಇರುವುದು ಸಹಜ. ಹನ್ನೆರಡು ಕುರ್ಚಿ ಕೊಂಡವನ ಕೋಣೆಯಲ್ಲಿ ಎರಡು ಕಂಡರೆ ಅಚ್ಚರಿಯೇನು?

ಗೊಗ್ಯಾಂಗಾಗಿ ಸಿಂಗರಿಸಿದ್ದು ಪಕ್ಕದ ಕೋಣೆಯನ್ನು. ಆಗಸ್ಟಿನಲ್ಲಿ ಬರೆದ ಸೂರ್ಯಕಾಂತಿ ಚಿತ್ರಗಳು ನೇತಾಡಿದ್ದು ಅಲ್ಲೇ. ನಮ್ಮ ಚಿತ್ರದ ಎಡಬಾಗಿಲು ತೆರೆಯುವುದು ಆ ಕೋಣೆಗೆ, ಬಲಬಾಗಿಲು ಮೆಟ್ಟಿಲ ಕಡೆಗೆ.

ಆ ಮನೆ ಈಗಲೂ ಇದೆಯೇ?

ಇಲ್ಲ. ಪ್ಲಾಸ್ ಲಾಮಾರ್ತೀನ್ ಚೌಕದ 2ನೇ ನಂಬರಿನ ಆ ‘ಹಳದಿ ಮನೆ’ 1944ರ ಜೂನ್ 25ರ ಬಾಂಬ್ ದಾಳಿಯಲ್ಲಿ ಹಾಳಾಯಿತು, ಆಮೇಲೆ ಕೆಡವಿದರು. ಹಿಂದಿದ್ದ ಎತ್ತರದ ಕಟ್ಟಡ ನಿಂತಿದೆ. ಆರ್ಲ್‌ಗೆ ಹೋದವರು ಅದನ್ನು ನೋಡಿ ಜಾಗ ಗುರುತಿಸುತ್ತಾರೆ.

ಎರಡನೆಯ, ಮೂರನೆಯ ಪ್ರತಿ ಬರೆಯುವ ಅಗತ್ಯವೇನಿತ್ತು?

ಮೊದಲ ಚಿತ್ರಕ್ಕೆ ಥಂಡಿ ಹಿಡಿದಿತ್ತು. ಅವನು ಆಸ್ಪತ್ರೆಯಲ್ಲಿದ್ದಾಗ ಮನೆ ಬೀಗ ಹಾಕಿಕೊಂಡು, ಒಲೆ ಉರಿಯದೆ, ತೇವ ಕುಡಿದು ಕೂತಿತ್ತು. ಹತ್ತಿರದ ರೋನ್ ನದಿಯ ಪ್ರವಾಹ ಮನೆಯ ಸಮೀಪಕ್ಕೆ ಬಂದಿತ್ತು, ಗೋಡೆಗಳಿಂದ ನೀರೂ ಉಪ್ಪೂ ಒಸರುತ್ತಿದ್ದವು. ತೇವ ಏರಿಳಿದಂತೆ ಕ್ಯಾನ್ವಾಸ್ ಹಿಗ್ಗುತ್ತ ಕುಗ್ಗುತ್ತ ಇರುತ್ತದೆ. ಒಣಗಿ ಬಿರುಸಾದ ತೈಲವರ್ಣದ ಪದರ ಅದಕ್ಕೆ ತಕ್ಕಂತೆ ಅಲುಗಲಾರದು. ನಡುವಿನ ಹಿಡಿತ ಬಿಟ್ಟು ಬಣ್ಣ ಹಕ್ಕಳೆಹಕ್ಕಳೆಯಾಗಿ ಏಳುತ್ತದೆ. ಏಳುತ್ತಿದ್ದ ಕಡೆ ಅವನು ಹಳೆ ಪತ್ರಿಕೆಯ ಕಾಗದ ಅಂಟಿಸಿ, ತಿಯೋಗೆ ಪ್ಯಾರಿಸ್ಸಿಗೆ ಕಳಿಸಿದ. ಹಿಂಬದಿಗೆ ಹೊಸ ಬಟ್ಟೆ ಕೊಡಿಸಿ ಬಲಪಡಿಸುವಂತೆ ಕೇಳಿದ. ಆ ಕೆಲಸದಲ್ಲಿ ಚಿತ್ರ ಕೆಟ್ಟರೆ ಏನು ಗತಿ ಎಂದು ತಿಯೋ ಅದನ್ನು ಸೇಂ ರೆಮಿಗೇ ವಾಪಸು ಕಳಿಸಿ, ಮೊದಲು ಒಂದು ಪ್ರತಿ ಮಾಡಿಟ್ಟುಕೋ ಎಂದ. ಜುಲೈನಲ್ಲಿ ಕಾಯಿಲೆ ಮರುಕಳಿಸಿ ಕೆಲಸ ನಿಂತಿತ್ತು. ಸೆಪ್ಟೆಂಬರಿನಲ್ಲಿ ಚೇತರಿಸಿಕೊಂಡವನೇ ಷಿಕಾಗೋದ ಪ್ರತಿಯನ್ನೂ, ಅದರ ಬೆನ್ನಿಗೇ ಅಮ್ಮನಿಗೆಂದು ಚಿಕ್ಕದನ್ನೂ ಬರೆದ.

ಆಸ್ಪತ್ರೆಯಿಂದ ಬಂದು ತನ್ನ ಚಿತ್ರಗಳನ್ನೆಲ್ಲ ಮತ್ತೆ ನೋಡಿದಾಗ ಎಲ್ಲಕ್ಕಿಂತ ಚೆನ್ನಾಗಿ ಕಂಡದ್ದು ಮಲಗುವ ಕೋಣೆಯೇ ಎಂದು 1889ರ ಜನವರಿಯಲ್ಲಿ ಬರೆದಿದ್ದಾನೆ. ಅಷ್ಟು ಕಾಳಜಿಗೆ ಅದೂ ಕಾರಣ.

ಮೊದಲ ಚಿತ್ರವನ್ನು ಆಮೇಲೆ ದುರಸ್ತಿ ಮಾಡಿದರೇ?

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಮೇಣ ಮತ್ತು ರಾಳ ಬೆರೆಸಿ ಹಿಂದೆ ಇನ್ನೊಂದು ಕ್ಯಾನ್ವಾಸ್ ಅಂಟಿಸಿದರು, ಮೇಲೆ ವಾರ್ನಿಷ್ ಹಾಕಿದರು. ಆ ಕಾಲದ ರೂಢಿ ಅದು. ಮೇಣ ಹಕ್ಕಳೆಯನ್ನು ಹಿಡಿದು ನಿಲ್ಲಿಸುತ್ತದೆ ನಿಜ, ಆದರೆ ಕ್ಯಾನ್ವಾಸಿನ ಎಳೆಗಿಳಿದು ಬಣ್ಣವನ್ನು ಒಂದಿಷ್ಟು ಕಪ್ಪಾಗಿಸುತ್ತದೆ, ತೆಗೆಯಲು ಬರುವುದಿಲ್ಲ. ವಾರ್ನಿಷ್ ಹಳದಿಯಾಗುತ್ತದೆ, ಅದನ್ನು ತೆಗೆಯಬಹುದು. 2010ರಲ್ಲಿ ವ್ಯಾನ್ ಗೋ ಮ್ಯೂಸಿಯಂ ದೊಡ್ಡ ಪ್ರಮಾಣದ ಶುಚಿ ಕಾರ್ಯ ಕೈಗೊಂಡು ಹಳೆಯ ತೇಪೆಗಳನ್ನು ಪರಿಷ್ಕರಿಸಿತು.

ಒಂದು ಚಿತ್ರ ಜಪಾನಿನವರದ್ದು ಎಂದು ಕೇಳಿದ್ದೇವೆ.

ಓರ್ಸೇಯದು. ಜಪಾನಿನ ಉದ್ಯಮಿ ಕೊಜಿರೊ ಮತ್ಸುಕಾತ ಕೊಂಡು ಫ್ರಾನ್ಸಿನಲ್ಲೇ ಇಟ್ಟಿದ್ದ ಸಂಗ್ರಹದಲ್ಲಿ ಅದಿತ್ತು. ಎರಡನೆಯ ಮಹಾಯುದ್ಧದಲ್ಲಿ ಶತ್ರುದೇಶದವರ ಆಸ್ತಿಯೆಂದು ಫ್ರೆಂಚ್ ಸರ್ಕಾರ ವಶಪಡಿಸಿಕೊಂಡಿತು. 1959ರಲ್ಲಿ ಹೆಚ್ಚಿನ ಕೃತಿಗಳು ಜಪಾನಿಗೆ ಮರಳಿ, ಟೋಕಿಯೋದಲ್ಲಿ ಅವುಗಳಿಗೆಂದೇ ರಾಷ್ಟ್ರೀಯ ಪಾಶ್ಚಾತ್ಯ ಕಲಾ ಮ್ಯೂಸಿಯಂ ತೆರೆಯಿತು. ಈ ಚಿತ್ರವನ್ನು ಫ್ರಾನ್ಸ್ ಬಿಟ್ಟುಕೊಡಲಿಲ್ಲ.

ಮೂಲ ಚಿತ್ರ ನೋಡಬೇಕು. ಎಲ್ಲಿಗೆ ಹೋಗಲಿ?

ಒಂದೇ ನೋಡಲು ಸಾಧ್ಯವಿದ್ದರೆ ಆಮ್‌ಸ್ಟರ್‌ಡ್ಯಾಮ್. ಅಲ್ಲಿ ಟಿಕೆಟ್ ಆನ್‌ಲೈನಿನಲ್ಲೇ, ಇಂತಿಷ್ಟು ಗಂಟೆಗೆ ಎಂದು ಸಮಯ ಆರಿಸಿ ಕೊಳ್ಳಬೇಕು. ಬಾಗಿಲಿಗೆ ಹೋಗಿ ನೋಡೋಣ ಎಂದುಕೊಂಡವರು ರಜಾ ದಿನಗಳಲ್ಲಿ ನಿರಾಶರಾಗುವುದೇ ಹೆಚ್ಚು. ಚಿತ್ರಶಾಲೆಯೊಳಗೆ ಫೋಟೋ ತೆಗೆಯಲು ಬಿಡುವುದಿಲ್ಲ. ಓರ್ಸೇ ಸೋಮವಾರ ಮುಚ್ಚಿರುತ್ತದೆ. ಯಾವುದೇ ಆಗಲಿ, ಹೊರಡುವ ಮೊದಲು ಆ ಮ್ಯೂಸಿಯಂನ ತಾಣದಲ್ಲಿ ಚಿತ್ರದ ಪುಟ ತೆರೆದು ಈಗ ಗೋಡೆಯ ಮೇಲಿದೆಯೋ, ಬೇರೆ ಊರಿಗೆ ಎರವಲು ಹೋಗಿದೆಯೋ ನೋಡಿಕೊಳ್ಳಿ. ಇಂಥ ಚಿತ್ರಗಳು ಆಗಾಗ ಪ್ರಯಾಣದಲ್ಲಿರುತ್ತವೆ.

ಷಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್ ಕಟ್ಟಡ ನಮ್ಮವರಿಗೆ ಇನ್ನೊಂದು ಕಾರಣಕ್ಕೆ ಪರಿಚಿತ. 1893ರ ಸೆಪ್ಟೆಂಬರ್ 11ರಂದು ವಿವೇಕಾನಂದರು ಮಾತಾಡಿದ ಸರ್ವಧರ್ಮ ಸಮ್ಮೇಳನ ನಡೆದದ್ದು ಅಲ್ಲೇ. ಆ ಭಾಗದಲ್ಲಿರುವ ಕನ್ನಡಿಗರು ನೆಂಟರನ್ನು ಕರೆದೊಯ್ದಾಗ ಮಹಡಿಯ ಮೇಲಿನ ಈ ಕೋಣೆಯನ್ನೂ ತೋರಿಸಬಹುದು. ಚಿತ್ರ ಅಲ್ಲಿಗೆ ಬಂದದ್ದು 1926ರಲ್ಲಿ, ಹೆಲೆನ್ ಬರ್ಚ್ ಬಾರ್ಟ್‌ಲೆಟ್ ನೆನಪಿನ ಕೊಡುಗೆಯ ಭಾಗವಾಗಿ. 2016ರಲ್ಲಿ ಮೂರೂ ಚಿತ್ರಗಳನ್ನು ಒಂದೆಡೆ ಸೇರಿಸಿದ್ದೂ ಇವರೇ. ಆಗ ಕೋಣೆಯ ತದ್ರೂಪವೊಂದನ್ನು ಕಟ್ಟಿ, ರಾತ್ರಿಗೆ 10 ಡಾಲರಿನಂತೆ ಏರ್‌ಬಿಎನ್‌ಬಿಯಲ್ಲಿ ಬಾಡಿಗೆಗೂ ಬಿಟ್ಟಿದ್ದರು.

ಮೂಲದ ಮುಂದೆ ನಿಂತಾಗ ಏನು ನೋಡಬೇಕು?

ಮೊದಲು ದೂರದಿಂದ ಬಣ್ಣದ ಜೋಡಿಗಳು. ಆಮೇಲೆ ಹತ್ತಿರ ಬಂದು ಪಕ್ಕದಿಂದ ಓರೆಯಾಗಿ ನೋಡಿ, ಬಣ್ಣದ ದಪ್ಪ ತಿಳಿಯುತ್ತದೆ. ಮಂಚದ ಹಲಗೆಯಲ್ಲಿ ಬ್ರಷ್ ಮರದ ಎಳೆಯ ದಿಕ್ಕಿನಲ್ಲೇ ಓಡಿದೆ: ನಿಂತ ಕಂಬದಲ್ಲಿ ಮೇಲಿಂದ ಕೆಳಕ್ಕೆ, ಅಡ್ಡ ಹಲಗೆಯಲ್ಲಿ ಅಡ್ಡಕ್ಕೆ. ಬಡಗಿ ಹತ್ತರಿ ಹೊಡೆದ ಹಾಗೆ. ಮಂಚದ ತಲೆಯ ಹಿಂದೆ ಗೂಟಕ್ಕೆ ನೇತುಹಾಕಿದ ಬಟ್ಟೆ, ಟೋಪಿ ಇವೆ, ಬಹಳ ಜನ ಗಮನಿಸುವುದೇ ಇಲ್ಲ.

ನಾನೇ ಇದನ್ನು ನೋಡಿ ಬರೆದು ಕಲಿಯಬೇಕು. ಎಲ್ಲಿಂದ ಶುರು ಮಾಡಲಿ?

ಅಳತೆಯಿಂದ. ಮೂಲದ ಎತ್ತರ–ಅಗಲದ ಅನುಪಾತ 0.79. ಅಂಗಡಿಯಲ್ಲಿ ಸುಲಭವಾಗಿ ಸಿಗುವ 16 × 20 ಇಂಚಿನ ಕ್ಯಾನ್ವಾಸ್ 0.80, ಹೆಚ್ಚುಕಡಿಮೆ ಸರಿಹೊಂದುತ್ತದೆ. 12 × 18 ತಂದರೆ ಅಗಲ ಹೆಚ್ಚಾಗಿ, ಕೋಣೆಯನ್ನು ಎಳೆದು ಹಿಗ್ಗಿಸಬೇಕಾಗುತ್ತದೆ. ಚಿತ್ರದ ಗುಟ್ಟೇ ಅದರ ಇಕ್ಕಟ್ಟು, ಅದು ಹೋಗಿಬಿಡುತ್ತದೆ.

16 × 20ರ ಮೇಲೆ 4 ಇಂಚಿನ ಚೌಕಗಳನ್ನು ಎಳೆಯಿರಿ: ಅಡ್ಡಕ್ಕೆ ಐದು, ಉದ್ದಕ್ಕೆ ನಾಲ್ಕು, ಒಟ್ಟು ಇಪ್ಪತ್ತು. ಮೂಲದ ಪ್ರಿಂಟಿನ ಮೇಲೂ ಅಷ್ಟೇ ಚೌಕ. ಗೆರೆಗಳನ್ನು ಸ್ಕೇಲಿಟ್ಟು ‘ಸರಿಪಡಿಸುವುದು’ ಎಲ್ಲರೂ ಮಾಡುವ ತಪ್ಪು. ಮಂಚದ ಕಾಲು, ನೆಲದ ಗೆರೆ, ಕಿಟಕಿ ಮೂರೂ ಒಂದೇ ಬಿಂದುವಿಗೆ ಓಡಬೇಕೆಂದು ತಿದ್ದಿದರೆ ಮನೆ ಕಟ್ಟುವವರ ನಕ್ಷೆ ಆಗುತ್ತದೆ. ಚೌಕದೊಳಗೆ ಗೆರೆ ಎಲ್ಲಿ ಹೊಕ್ಕು ಎಲ್ಲಿ ಹೊರಡುತ್ತದೋ ಅಷ್ಟನ್ನೇ ನಂಬಿ.

ಬಣ್ಣದ ಲೆಕ್ಕ: ಈ ಅಳತೆಯ ಕ್ಯಾನ್ವಾಸಿನ ಮೇಲೆ ಸರಾಸರಿ ಅರ್ಧ ಮಿಲಿಮೀಟರ್ ದಪ್ಪ ಹಾಕಿದರೆ ಸುಮಾರು 100 ಮಿ.ಲೀ. ಬಣ್ಣ ಹಿಡಿಯುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬಿಳಿಯೇ. 40 ಮಿ.ಲೀ.ನ ಎರಡು ಟ್ಯೂಬ್ ಬಿಳಿ, ಉಳಿದವು ಚಿಕ್ಕ ಟ್ಯೂಬ್ ಒಂದೊಂದು ಸಾಕು.

ನೇರಳೆ ಗೋಡೆಗೆ ಯಾವ ಬಣ್ಣ ಬೆರೆಸಲಿ?

ಟೈಟಾನಿಯಂ ಬಿಳಿ 8 ಪಾಲು, ಕೋಬಾಲ್ಟ್ ನೀಲಿ 2 ಪಾಲು, ಕ್ವಿನಾಕ್ರಿಡೋನ್ ಗುಲಾಬಿ ಅರ್ಧ ಪಾಲು. ಕ್ವಿನಾಕ್ರಿಡೋನ್ ಬಹಳ ಜೋರು. ಚಾಕುವಿನ ತುದಿಯಲ್ಲಿ ಇಷ್ಟಿಷ್ಟೇ ಸೇರಿಸುತ್ತ ಹೋಗಿ, ಒಮ್ಮೆಗೇ ಹಾಕಿದರೆ ಗೋಡೆ ಮದುವೆ ಮಂಟಪವಾಗುತ್ತದೆ. ಟ್ಯೂಬಿನ ಹಿಂದೆ ಸಣ್ಣಕ್ಷರದಲ್ಲಿ ಪಿಗ್ಮೆಂಟ್ ಕೋಡ್ ಇರುತ್ತದೆ. ಪಿವಿ 19 ಎಂದಿದ್ದರೆ ಬೆಳಕಿಗೆ ನಿಲ್ಲುತ್ತದೆ. ಪಿಆರ್ 83 ಎಂದಿದ್ದರೆ ಅದು ಅಲಿಜರಿನ್ ಕ್ರಿಮ್ಸನ್, ತೆಳುವಾಗಿ ಬಿಳಿಯ ಜೊತೆ ಬೆರೆಸಿದಾಗ ಮಾಸುತ್ತದೆ. ವ್ಯಾನ್ ಗೋನ ಗೋಡೆಗೆ ಆದದ್ದೇ ನಿಮ್ಮ ಗೋಡೆಗೂ ಆಗುತ್ತದೆ.

ಉಳಿದವು: ಮಂಚಕ್ಕೆ ಕ್ಯಾಡ್ಮಿಯಂ ಹಳದಿ 4, ಬಿಳಿ 1, ಯೆಲ್ಲೋ ಓಕರ್ ಅರ್ಧ. ಹಾಸು–ದಿಂಬುಗಳಿಗೆ ಬಿಳಿ 10, ನಿಂಬೆ ಹಳದಿ 1, ವಿರಿಡಿಯನ್ ಹಸಿರು ಕಾಲು. ನೆಲಕ್ಕೆ ಲೈಟ್ ರೆಡ್ ಎಂಬ ಕಬ್ಬಿಣದ ಕೆಂಪು 3, ಬಿಳಿ 3, ಕ್ವಿನಾಕ್ರಿಡೋನ್ ಅರ್ಧ. ಹೊದಿಕೆಗೆ ಕ್ಯಾಡ್ಮಿಯಂ ಕೆಂಪು ನೇರವಾಗಿ. ವ್ಯಾನ್ ಗೋ ಬಳಸಿದ ಕ್ರೋಮ್ ಹಳದಿಯಲ್ಲಿ ಸೀಸವಿದೆ, ಹುಡುಕಿಕೊಂಡು ಹೋಗಬೇಡಿ.

ಬರೆಯುವ ಕ್ರಮ? ನನ್ನದು ಪ್ರತಿ ಸಲ ಕೆಸರಾಗುತ್ತದೆ.

ಒಂದಕ್ಕೊಂದು ಎದುರಾದ ಬಣ್ಣಗಳು ಹಸಿಯಾಗಿದ್ದಾಗ ತಾಗಿದರೆ ಬೂದು–ಕಂದು ಆಗಲೇಬೇಕು. ಈ ಚಿತ್ರದಲ್ಲಿ ಎಲ್ಲ ಕಡೆ ಎದುರುಬಣ್ಣಗಳೇ ಅಕ್ಕಪಕ್ಕ ಇವೆ, ಅದಕ್ಕೇ ಕೆಸರು.

ಗೋಡೆ, ಬಾಗಿಲು, ನೆಲ ಮೊದಲು. ಪೀಠೋಪಕರಣದ ಜಾಗವನ್ನು ಖಾಲಿ ಬಿಡಿ, ಗೋಡೆ ಬಳಿದು ಅದರ ಮೇಲೆ ಮಂಚ ಬರೆಯಬೇಡಿ. ಖಾಲಿ ಜಾಗದ ಅಂಚಿಗೆ ಎರಡು ಮಿಲಿಮೀಟರ್ ಬಿಳಿ ಉಳಿಸಿಕೊಳ್ಳಿ. ಒಂದು ಬಣ್ಣಕ್ಕೆ ಒಂದು ಬ್ರಷ್. ಕಡೇ ಪಕ್ಷ ಹಳದಿಗೂ ನೇರಳೆಗೂ ಬೇರೆಬೇರೆ ಇರಲಿ. ಎರಡು–ಮೂರು ದಿನ ಬಿಟ್ಟು ಹಳದಿ, ಕಿತ್ತಳೆ, ಹಾಸು. ಕೆಂಪು ಹೊದಿಕೆ ಹಾಸಿನ ಪಕ್ಕದಲ್ಲೇ ಬರುವುದರಿಂದ ಅದನ್ನು ಕೊನೆಗಿಡಿ, ತಿಳಿ ಹಸಿರಿಗೆ ಕೆಂಪು ಸೋಕಿದರೆ ಕೊಳೆ ಬಟ್ಟೆಯಂತೆ ಕಾಣುತ್ತದೆ. ಗಾಢವಾದ ಹೊರಗೆರೆಗಳನ್ನು ಎಲ್ಲ ಮುಗಿದ ಮೇಲೆ, ಅಡಿಯ ಬಣ್ಣ ಕೈಗೆ ಅಂಟದಷ್ಟು ಒಣಗಿದಾಗ ಎಳೆಯಿರಿ. ಮೊದಲೇ ಎಳೆದರೆ ಬಣ್ಣ ತುಂಬುವ ಪುಸ್ತಕದ ಹಾಗೆ ಆಗುತ್ತದೆ.

ಅಡಿಪದರಕ್ಕೆ ಟರ್ಪೆಂಟೈನ್ ಹೆಚ್ಚು, ಮೇಲ್ಪದರಕ್ಕೆ ಎಣ್ಣೆ ಹೆಚ್ಚು. ತಿರುಗುಮುರುಗಾದರೆ ಮೇಲಿನದು ಮೊದಲು ಒಣಗಿ, ಕೆಳಗಿನದು ಇನ್ನೂ ಅಲುಗಾಡುತ್ತ ಬಿರುಕು ಬಿಡುತ್ತದೆ. ಒಣಗಲು ಕತ್ತಲ ಕೋಣೆಯಲ್ಲಿಡಬೇಡಿ, ನಾರಗಸೆ ಎಣ್ಣೆ ಕತ್ತಲಲ್ಲಿ ಹಳದಿಗಟ್ಟುತ್ತದೆ. ಬೆಳಕಿರುವ, ನೇರ ಬಿಸಿಲಿಲ್ಲದ ಜಾಗ ಬೇಕು. ಮಳೆಗಾಲದಲ್ಲಿ ಎಲ್ಲಕ್ಕೂ ಇನ್ನಷ್ಟು ದಿನ ಹಿಡಿಯುತ್ತದೆ. ಮಾಮೂಲಿ ವಾರ್ನಿಷ್ ಆರು ತಿಂಗಳಿಗೆ ಮುಂಚೆ ಬೇಡ.

ಬರೆಯುವ ಗೊಡವೆ ಬೇಡ, ಪ್ರಿಂಟ್ ಹಾಕಿಸಿ ಗೋಡೆಗೆ ತೂಗುಹಾಕಬೇಕು.

ಎ3 ಹಾಳೆ ಈ ಚಿತ್ರಕ್ಕೆ ಸರಿಹೊಂದುವುದಿಲ್ಲ. ಹಾಳೆ ತುಂಬಾ ಬರಲಿ ಎಂದರೆ ಮೇಲೆ ಕೆಳಗೆ ಕತ್ತರಿಸುತ್ತಾರೆ, ಹೋಗುವುದು ಮಂಚದ ಬುಡ. ಎತ್ತರಕ್ಕೆ ಹೊಂದಿಸಿ ಎಂದು ಹೇಳಿ. ಚಿತ್ರ ಸುಮಾರು 37.5 ಸೆಂ.ಮೀ. ಅಗಲ ಬಂದು, ಎಡಬಲ ತಲಾ ಎರಡು ಸೆಂ.ಮೀ.ಗಿಂತ ತುಸು ಹೆಚ್ಚು ಬಿಳಿ ಉಳಿಯುತ್ತದೆ. 16 × 20 ಇಂಚಿಗೆ ಹಾಕಿಸುವುದಾದರೆ 300 ಡಿಪಿಐ (ಇಂಚಿಗೆ 300 ಚುಕ್ಕಿ) ಲೆಕ್ಕದಲ್ಲಿ 4800 × 6000 ಪಿಕ್ಸೆಲ್ ಇರುವ ಫೈಲ್ ಬೇಕು.

ಅಂಗಡಿಯವರನ್ನು ಕೇಳಬೇಕಾದ ಮುಖ್ಯ ಪ್ರಶ್ನೆ: ಇಂಕು ಡೈಯದೋ (ಕರಗಿದ ಬಣ್ಣ), ಪಿಗ್ಮೆಂಟ್‌ನದೋ (ಬಣ್ಣದ ಪುಡಿ)? ಡೈ ಇಂಕು ಬಿಸಿಲಿಗೆ ಬೇಗ ಹೋಗುತ್ತದೆ. ಹೋಟೆಲ್, ಸಲೂನುಗಳ ಗೋಡೆಯ ಹಳೇ ಪೋಸ್ಟರುಗಳೆಲ್ಲ ನೀಲಿಯಾಗಿರುವುದನ್ನು ನೋಡಿರುತ್ತೀರಿ, ಕೆಂಪು–ಹಳದಿ ಇಂಕು ಮೊದಲು ಹೋಗಿರುತ್ತದೆ. ಕಿಟಕಿಯ ಎದುರಿನ ಗೋಡೆ ಬಿಟ್ಟು, ಕಿಟಕಿ ಇರುವ ಗೋಡೆಗೇ ಹಾಕಿದರೆ ಬಿಸಿಲು ನೇರ ಬೀಳುವುದಿಲ್ಲ. ಕರಾವಳಿ, ಮಲೆನಾಡಿನವರು ಮಳೆ ಹೊಡೆಯುವ ಹೊರಗೋಡೆಗೆ ಹಾಕಬೇಡಿ. ಫ್ರೇಮಿನ ಹಿಂದೆ ನಾಲ್ಕು ಮೂಲೆಗೂ ಅರ್ಧ ಸೆಂಟಿಮೀಟರಿನ ಕಾರ್ಕ್ ತುಂಡು ಅಂಟಿಸಿದರೆ ಗಾಳಿಯಾಡಿ ಬೂಷ್ಟು ಹಿಡಿಯುವುದಿಲ್ಲ.

ಯಾವ ಬಣ್ಣದ ಫ್ರೇಮ್?

ಬಿಳಿ. ಚಿತ್ರದಲ್ಲಿ (ಕನ್ನಡಿಯ ಚೂರು ಬಿಟ್ಟರೆ) ಬಿಳಿ ಇಲ್ಲದಿರುವುದರಿಂದ ಚೌಕಟ್ಟು ಬಿಳಿಯಿರಲಿ ಎಂದು ತಿಯೋಗೆ ಬರೆದ ಕಾಗದದಲ್ಲಿದೆ. ಚಿನ್ನದ ಹೂಬಳ್ಳಿಯ ಫ್ರೇಮ್ ಮಂಚದ ಹಳದಿಯ ಜೊತೆ ಜಗಳಕ್ಕೆ ನಿಲ್ಲುತ್ತದೆ.

ಕಾಪಿರೈಟ್ ತೊಂದರೆ ಬರುತ್ತದೆಯೇ?

ಚಿತ್ರಕ್ಕೆ ಇಲ್ಲ. ವ್ಯಾನ್ ಗೋ ತೀರಿಕೊಂಡದ್ದು 1890ರ ಜುಲೈ 29ರಂದು, ಹಕ್ಕಿನ ಅವಧಿ ಎಂದೋ ಮುಗಿದಿದೆ. ಫೋಟೋಗಳಿಗೆ ಮಾತ್ರ ಆಯಾ ಮ್ಯೂಸಿಯಂ ಷರತ್ತು ಹಾಕಬಹುದು. ಷಿಕಾಗೋದವರು ತಮ್ಮ ಪ್ರತಿಯ ದೊಡ್ಡ ಫೈಲನ್ನು ಯಾವ ನಿರ್ಬಂಧವೂ ಇಲ್ಲದೆ ಇಳಿಸಿಕೊಳ್ಳಲು ಬಿಟ್ಟಿದ್ದಾರೆ, ಮಾರಾಟಕ್ಕೂ ಬಳಸಬಹುದು. ಪುಸ್ತಕದ ಮುಖಪುಟಕ್ಕೋ ಟೀ ಶರ್ಟಿಗೋ ಬೇಕಾದವರು ಅಲ್ಲಿಂದಲೇ ತೆಗೆದುಕೊಳ್ಳಿ. ಅಡಿಬರಹದಲ್ಲಿ ಮಾತ್ರ 1889ರ ಎರಡನೆಯ ಪ್ರತಿ ಎಂದು ನಮೂದಿಸಿ, 1888 ಎಂದಲ್ಲ.